ಹೊತ್ತನ್ನು ಅರಿತ ಜೇನು

ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ್ದ ಮುದುಕಿಯ ಕಥೆ ಕನ್ನಡನಾಡಿನ ಮಕ್ಕಳಿಗೆಲ್ಲ ಗೊತ್ತು. ಊರವರ ಮೇಲೆ ಮುನಿಸಿಕೊಂಡ ಆಕೆ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಊರನ್ನೇ ಬಿಟ್ಟು ಹೊರಟುಹೋದಳು. ಮರುದಿನವೂ ಸೂರ್ಯನು ಎಂದಿನಂತೆಯೇ ಮೂಡಿದನು. ಕಥೆಯನ್ನು ಕೇಳಿದವರೆಲ್ಲ ಮುದುಕಿಯ ಜಂಬವನ್ನು ಕಂಡು ನಗುತ್ತಾರೆ. ಆದರೆ ಆ ಕಥೆಯಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಹುಂಜ ಕೂಗುವುದರಿಂದ ಬೆಳಗಾಗುವುದಿಲ್ಲ, ನಿಜ. ಹಾಗಾದರೆ ಬೆಳಗಾದುದನ್ನು ಕಂಡು ಹುಂಜ ಕೂಗುತ್ತದೆಯೆ? ಹಳ್ಳಿಯಲ್ಲಿ ಬೆಳೆದವರು ಬಲ್ಲರು: ಮೊದಲ ಕೋಳಿ ಕೂಗುವಾಗ ಮೂಡಣ ದಿಕ್ಕಿನಲ್ಲಿ ಬೆಳಕಿನ ಸುಳಿವೇ ಇರುವುದಿಲ್ಲ. ಇನ್ನೂ ಬಾರದ ಬೆಳಗನ್ನು ಆ ಹಕ್ಕಿ ಕತ್ತಲೆಯಲ್ಲಿ ಕುಳಿತು ಅರಿಯುವುದಾದರೂ ಹೇಗೆ?

ಜಪಾನಿನ ನಗೋಯ ವಿಶ್ವವಿದ್ಯಾಲಯದ ಶಿಮ್ಮುರ ಮತ್ತು ಯೋಶಿಮುರ ಎಂಬ ವಿಜ್ಞಾನಿಗಳು ೨೦೧೩ರಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಅವರು ಹುಂಜಗಳನ್ನು ಹೊರಗಿನ ಹಗಲಿರುಳುಗಳ ಪರಿವೆಯೇ ಇಲ್ಲದ ಕೋಣೆಯಲ್ಲಿ ಇರಿಸಿದರು. ದಿನದ ಅರ್ಧ ಭಾಗ ದೀಪ ಬೆಳಗುತ್ತಿತ್ತು. ಉಳಿದರ್ಧ ಭಾಗ ಮಬ್ಬು ಬೆಳಕು. ದೀಪ ಹತ್ತುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ಹುಂಜಗಳು ಕೂಗತೊಡಗಿದವು. ಬಳಿಕ ಹಗಲೂ ರಾತ್ರಿಯೂ ಒಂದೇ ಸಮನಾದ ಮಬ್ಬನ್ನು ಉಳಿಸಲಾಯಿತು. ಆಗಲೂ ಅನೇಕ ದಿನಗಳವರೆಗೆ ಅವು ಹೆಚ್ಚುಕಡಿಮೆ ತಮ್ಮ ಹೊತ್ತಿಗೇ ಕೂಗುತ್ತಿದ್ದವು. ಹುಂಜವು ಬೆಳಕಿಗೆ ಉತ್ತರವಾಗಿ ಮಾತ್ರ ಕೂಗುವುದಿಲ್ಲ. ಅದರ ಮೈಯೊಳಗೆ ಒಂದು ಗಡಿಯಾರವಿದೆ ಎಂಬುದು ಇದರಿಂದ ಸ್ಥಿರಪಟ್ಟಿತು.

ಹುಂಜಕ್ಕೆ ಕೂಗುವುದನ್ನು ಯಾರೂ ಕಲಿಸಬೇಕಾಗಿಲ್ಲ, ಅದು ಹುಟ್ಟುಗುಣ. ಆದುದರಿಂದ ಎರಡನೆಯ ಪ್ರಶ್ನೆಯೊಂದು ಏಳುತ್ತದೆ. ತನ್ನ ಬಾಳಿನಲ್ಲಿ ಹೊಸದಾಗಿ ಕಂಡ ಸಂಗತಿಯೊಂದನ್ನು ‘ಇದು ಇಂಥ ಹೊತ್ತಿಗೆ ನಡೆಯುತ್ತದೆ’ ಎಂದು ಪ್ರಾಣಿಯೊಂದು ಕಲಿತುಕೊಳ್ಳಬಲ್ಲುದೆ? ಕಲಿತುದನ್ನು ನೆನಪಿನಲ್ಲಿಟ್ಟುಕೊಂಡು ಅದೇ ಹೊತ್ತಿಗೆ ಮರಳಿ ಬರಬಲ್ಲುದೆ? ಈ ಪ್ರಶ್ನೆಗೆ ಮೊದಲ ಸ್ಪಷ್ಟ ಉತ್ತರ ದೊರೆತುದು ಆನೆಯಿಂದಲ್ಲ, ಕುದುರೆಯಿಂದಲ್ಲ. ಸಾಸಿವೆ ಕಾಳಿನಷ್ಟು ಮೆದುಳುಳ್ಳ ಜೇನುನೊಣದಿಂದ.

ಕಳೆದ ಶತಮಾನದ ಮೊದಲ ದಶಕದಲ್ಲಿ ಸ್ವಿಟ್ಜರ್ಲೆಂಡ್ ದೇಶದಲ್ಲಿ ಆಗಸ್ಟ್ ಫೋರೆಲ್ ಎಂಬ ವೈದ್ಯರಿದ್ದರು. ಮನೋರೋಗಗಳ ಚಿಕಿತ್ಸೆ ಅವರ ವೃತ್ತಿ. ಇರುವೆ, ಜೇನುಗಳ ಅಧ್ಯಯನ ಅವರ ಪ್ರವೃತ್ತಿ. ಬೇಸಗೆಯಲ್ಲಿ ಅವರ ಮನೆಯವರು ಜಗಲಿಯ ಮೇಲೆ ಮೇಜು ಹಾಕಿಕೊಂಡು ಬೆಳಗಿನ ಉಪಾಹಾರ ಮಾಡುತ್ತಿದ್ದರು. ಮೇಜಿನ ಮೇಲಿನ ಹಣ್ಣಿನ ಪಾಕಕ್ಕೆ ಜೇನುನೊಣಗಳು ಮುತ್ತುತ್ತಿದ್ದವು. ಸಿಹಿ ಇರುವಲ್ಲಿಗೆ ನೊಣ ಬರುವುದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಹವೆ ಕೆಟ್ಟು ಮನೆಯವರೆಲ್ಲ ಒಳಗೆ ಕುಳಿತು ಉಂಡ ದಿನಗಳಲ್ಲಿಯೂ, ಬರಿದಾದ ಆ ಜಗಲಿಗೆ, ಉಪಾಹಾರದ ಹೊತ್ತಿಗೆ ಸರಿಯಾಗಿ ಜೇನುನೊಣಗಳು ಬಂದವು. ಅಲ್ಲಿ ಪಾಕವಿರಲಿಲ್ಲ, ಪಾಕದ ವಾಸನೆಯೂ ಇರಲಿಲ್ಲ. ಹಾಗಾದರೆ ಅವುಗಳನ್ನು ಕರೆದು ತಂದುದು ಯಾವುದು? ಹೊತ್ತಿನ ನೆನಪೇ ಅವುಗಳನ್ನು ಕರೆತಂದಿರಬೇಕೆಂದು ಫೋರೆಲ್ ಊಹಿಸಿದರು. ಅದೇ ಕಾಲದಲ್ಲಿ ಜರ್ಮನಿಯ ಬುಟೆಲ್ ರೀಪೆನ್ ಎಂಬವರು ಬಕ್‌ವೀಟ್ ಎಂಬ ಧಾನ್ಯದ ಹೊಲದಲ್ಲಿ ಇಂಥದೇ ಸಂಗತಿಯನ್ನು ಗಮನಿಸಿದ್ದರು. ಆ ಗಿಡದ ಹೂಗಳು ಬೆಳಗಿನ ವೇಳೆ ಮಾತ್ರ ಮಕರಂದ ಸುರಿಸುತ್ತಿದ್ದವು. ಹೂಗಳು ದಿನವಿಡೀ ಅರಳಿ ನಿಂತಿದ್ದು ಪರಿಮಳ ಬೀರುತ್ತಿದ್ದರೂ ಜೇನುನೊಣಗಳು ಮುಂಜಾನೆ ಮಾತ್ರ ಬಂದುಹೋಗುತ್ತಿದ್ದವು.

ಊಹೆ ಎಷ್ಟೇ ಸೊಗಸಾಗಿದ್ದರೂ ಅದು ಪ್ರಮಾಣವಾಗದು. ಅದನ್ನು ಪರೀಕ್ಷಿಸುವ ಹೊಣೆಯನ್ನು ಹೊತ್ತವರು ಮ್ಯೂನಿಕ್ ನಗರದ ಇಂಗೆಬೋರ್ಗ್ ಬೇಲಿಂಗ್ ಎಂಬ ವಿದ್ಯಾರ್ಥಿನಿ. ಜೇನಿನ ಅಧ್ಯಯನದಲ್ಲಿ ಜಗದ್ವಿಖ್ಯಾತರಾದ ಕಾರ್ಲ್ ಫಾನ್ ಫ್ರಿಷ್ ಅವರ ಗುರುಗಳು. ಸಾವಿರಾರು ನೊಣಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದೇ ಮೊದಲ ತೊಡಕು. ಇದಕ್ಕೆ ಫ್ರಿಷ್ ಸುಲಭವಾದ ಉಪಾಯವನ್ನು ಕಂಡುಕೊಂಡಿದ್ದರು. ನೊಣದ ಬೆನ್ನಿನ ಮೇಲೆ ಬಣ್ಣದ ಚುಕ್ಕೆಗಳನ್ನಿಡುವುದು. ಬಿಳಿಯ ಚುಕ್ಕೆ ಒಂದನ್ನೂ ಕೆಂಪು ಎರಡನ್ನೂ ನೀಲಿ ಮೂರನ್ನೂ ಸೂಚಿಸುವುದು. ಹೀಗೆ ಬಣ್ಣ ಮತ್ತು ಸ್ಥಾನಗಳನ್ನು ಬದಲಿಸುತ್ತ ನೂರಾರು ನೊಣಗಳಿಗೆ ಒಂದೊಂದು ಸಂಖ್ಯೆಯನ್ನು ಕೊಡುವುದು. ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗರ ಹೆಸರಿರುವಂತೆ ಸಂಶೋಧಕರ ಪುಸ್ತಕದಲ್ಲಿ ಪ್ರತಿಯೊಂದು ನೊಣಕ್ಕೂ ಒಂದು ಅಂಕಿ ಇರುತ್ತಿತ್ತು.

ಗುರುತು ಮಾಡಿದ ನೊಣಗಳಿಗೆ ಬೇಲಿಂಗ್ ಪ್ರತಿದಿನವೂ ಒಂದೇ ಹೊತ್ತಿಗೆ, ಉದಾಹರಣೆಗೆ ಸಂಜೆ ನಾಲ್ಕರಿಂದ ಆರರವರೆಗೆ, ಒಂದು ಬಟ್ಟಲಲ್ಲಿ ಸಕ್ಕರೆ ನೀರನ್ನಿಟ್ಟರು. ಉಳಿದ ಹೊತ್ತಿನಲ್ಲಿ ಬಟ್ಟಲು ಬರಿದಾಗಿರುತ್ತಿತ್ತು. ಕೆಲವು ದಿನಗಳು ಹೀಗೆಯೇ ಕಳೆದವು. ಬಳಿಕ ಪರೀಕ್ಷೆಯ ದಿನ ಬಂದಿತು. ಅಂದು ಬಟ್ಟಲಿನಲ್ಲಿ ಒಂದು ಹನಿಯೂ ಇರಲಿಲ್ಲ. ಬೆಳಗಿನಿಂದ ಬೈಗಿನವರೆಗೆ ಬಟ್ಟಲ ಬಳಿ ಕುಳಿತು, ಯಾವ ಅಂಕಿಯ ನೊಣ ಯಾವ ಹೊತ್ತಿಗೆ ಬಂದಿತೆಂಬುದನ್ನು ಬರೆದಿಡುವುದಷ್ಟೇ ಕೆಲಸ. ಮುಂಜಾನೆಯಿಂದ ಬಟ್ಟಲ ಸುತ್ತ ಬಹುಮಟ್ಟಿಗೆ ಮೌನ. ನಾಲ್ಕು ಗಂಟೆ ಸಮೀಪಿಸುತ್ತಿದ್ದಂತೆ ಒಂದೊಂದಾಗಿ ನೊಣಗಳು ಇಳಿದವು. ಬರಿಯ ಬಟ್ಟಲನ್ನು ತಡಕಿದವು. ಹೋಗಿ ಮತ್ತೆ ಬಂದವು. ಹೊತ್ತು ಮೀರಿದ ಮೇಲೆ ಬರುವುದನ್ನು ನಿಲ್ಲಿಸಿದವು. ೧೯೨೯ರಲ್ಲಿ ಈ ಪ್ರಯೋಗಗಳ ವಿವರ ಪ್ರಕಟವಾಯಿತು. ನೊಣಗಳು ನಿಗದಿಯಾದ ಹೊತ್ತಿಗಿಂತ ತುಸು ಮೊದಲೇ ಬರುತ್ತಿದ್ದುದು ಇದರಲ್ಲಿ ಗಮನಿಸಬೇಕಾದ ಅಂಶ. ತಡವಾಗಿ ಬಂದವನಿಗೆ ಎಲೆ ಬರಿದು ಎಂಬುದನ್ನು ಅವು ಅರಿತಂತಿತ್ತು.

ವಿಜ್ಞಾನವು ಮೊದಲ ಉತ್ತರಕ್ಕೇ ತೃಪ್ತಿಗೊಂಡು ಕೂರುವುದಿಲ್ಲ. ಅದು ತನ್ನ ಉತ್ತರವನ್ನು ತಾನೇ ಎದುರುವಾದಿಯಂತೆ ಪ್ರಶ್ನಿಸುತ್ತದೆ. ನೊಣಗಳು ಸೂರ್ಯನ ಎತ್ತರವನ್ನು ನೋಡಿ ಹೊತ್ತನ್ನು ತಿಳಿದಿರಬಾರದೇಕೆ? ಹೊಲದಲ್ಲಿ ದುಡಿಯುವ ರೈತನೂ ನೆರಳನ್ನು ನೋಡಿ ಹೊತ್ತು ಹೇಳುತ್ತಾನಲ್ಲವೆ? ಈ ಸಂದೇಹವನ್ನು ಕಳೆಯಲು ಬೇಲಿಂಗ್ ನೊಣಗಳನ್ನು ಮುಚ್ಚಿದ ಕೋಣೆಯೊಳಗೆ ಇರಿಸಿದರು. ಅಲ್ಲಿ ಹಗಲಿರುಳೂ ಒಂದೇ ಬೆಳಕು, ಒಂದೇ ಶಾಖ, ಒಂದೇ ತೇವ. ಆದರೂ ನೊಣಗಳು ಹೊತ್ತು ತಪ್ಪಲಿಲ್ಲ. ಆಕಾಶದಿಂದ ಬರುವ ಕಣ್ಣಿಗೆ ಕಾಣದ ಕಿರಣಗಳೇನಾದರೂ ಅವುಗಳಿಗೆ ಹೊತ್ತನ್ನು ಸೂಚಿಸುತ್ತಿರಬಹುದೆ? ಆಸ್ಕರ್ ವಾಲ್ ಎಂಬ ಇನ್ನೊಬ್ಬ ಸಂಶೋಧಕರು ಜೇನುಪೆಟ್ಟಿಗೆಯನ್ನು ಉಪ್ಪಿನ ಗಣಿಯ ಆಳಕ್ಕೆ ಇಳಿಸಿ ನೋಡಿದರು. ನೆಲದ ಒಡಲಿನಲ್ಲಿಯೂ ನೊಣಗಳು ಹೊತ್ತಿಗೆ ಸರಿಯಾಗಿ ಬಂದವು. ಹಸಿವೇ ಅವುಗಳನ್ನು ಎಬ್ಬಿಸುತ್ತಿರಬಹುದೆ? ಗೂಡಿನಲ್ಲಿ ಜೇನು ತುಂಬಿರುವಾಗಲೂ ಅವು ಬರುತ್ತಿದ್ದವು. ಮೇವು ತರುವ ನೊಣ ದುಡಿಯುವುದು ತನ್ನ ಹೊಟ್ಟೆಗಾಗಿ ಅಲ್ಲ, ಗೂಡಿಗಾಗಿ. ಅಷ್ಟೇ ಅಲ್ಲದೆ, ಒಂದೇ ದಿನದಲ್ಲಿ ಎರಡು ಮೂರು ಬೇರೆ ಬೇರೆ ಹೊತ್ತುಗಳನ್ನೂ ನೊಣಗಳು ಕಲಿತವು. ಬೆಳಗ್ಗೆ ಒಂದು ಸ್ಥಳ, ಮಧ್ಯಾಹ್ನ ಇನ್ನೊಂದು ಸ್ಥಳ ಎಂದು ಸ್ಥಳವನ್ನೂ ಹೊತ್ತನ್ನೂ ಕೂಡಿಸಿ ನೆನಪಿಟ್ಟವು.

ಆದರೆ ಅವು ಕಲಿಯಲಾರದ ಪಾಠವೂ ಒಂದಿತ್ತು. ಹತ್ತೊಂಬತ್ತು ಗಂಟೆಗೊಮ್ಮೆ ಸಕ್ಕರೆ ನೀರನ್ನಿಟ್ಟಾಗ ಎಷ್ಟು ದಿನ ಕಳೆದರೂ ನೊಣಗಳು ಆ ಲೆಕ್ಕವನ್ನು ಹಿಡಿಯಲಿಲ್ಲ. ನಲವತ್ತೆಂಟು ಗಂಟೆಗೊಮ್ಮೆ ಇಟ್ಟಾಗ, ದಿನ ಬಿಟ್ಟು ದಿನ ಬರುವುದನ್ನು ಕಲಿಯದೆ, ದಿನದಿನವೂ ಅದೇ ಹೊತ್ತಿಗೆ ಬಂದವು. ಪ್ರಯೋಗದ ಗೆಲುವಿಗಿಂತ ಈ ಸೋಲೇ ಹೆಚ್ಚಿನ ಅರಿವನ್ನು ಕೊಟ್ಟಿತು. ನೊಣವು ಕಳೆದ ಗಂಟೆಗಳನ್ನು ಒಂದೊಂದಾಗಿ ಎಣಿಸುತ್ತ ಕೂರುವುದಿಲ್ಲ. ಅದರ ಒಡಲೊಳಗೆ ಇಪ್ಪತ್ತನಾಲ್ಕು ಗಂಟೆಗೊಮ್ಮೆ ಸುತ್ತುವ ಚಕ್ರವೊಂದು ಹುಟ್ಟಿನಿಂದಲೇ ಬಂದಿದೆ. ಆ ಚಕ್ರದ ಯಾವ ಎಡೆಯಲ್ಲಿ ಮೇವು ದೊರೆಯಿತೆಂಬುದನ್ನು ಅದು ಗುರುತು ಹಾಕಿಕೊಳ್ಳುತ್ತದೆ. ಎಂದರೆ ಗಡಿಯಾರ ಹುಟ್ಟಿನಿಂದ ಬಂದುದು. ವೇಳಾಪಟ್ಟಿ ಮಾತ್ರ ಕಲಿತುದು.

ಇಷ್ಟಾದರೂ ಒಂದು ಸಂದೇಹ ಉಳಿಯಿತು. ಭೂಮಿ ತಿರುಗುವುದರಿಂದ ಉಂಟಾಗುವ, ಮನುಷ್ಯನಿಗೆ ಗೋಚರಿಸದ ಯಾವುದೋ ಸೂಚನೆಯನ್ನು ನೊಣ ಹಿಡಿಯುತ್ತಿದ್ದರೆ? ಹಾಗಿದ್ದ ಪಕ್ಷದಲ್ಲಿ ಅದನ್ನು ಭೂಮಿಯ ಬೇರೊಂದು ಭಾಗಕ್ಕೆ ಒಯ್ದಾಗ ಅದು ಅಲ್ಲಿನ ಹೊತ್ತನ್ನು ಅನುಸರಿಸಬೇಕು. ಗಡಿಯಾರವು ನಿಜವಾಗಿಯೂ ಒಡಲೊಳಗೇ ಇದ್ದರೆ ಅದು ಹೊರಟ ಊರಿನ ಹೊತ್ತನ್ನೇ ತೋರಿಸಬೇಕು. ವಿಮಾನ ಸಂಚಾರವು ಈ ಪರೀಕ್ಷೆಯನ್ನು ಸಾಧ್ಯಗೊಳಿಸಿತು. ೧೯೫೫ರಲ್ಲಿ ಮ್ಯಾಕ್ಸ್ ರೆನ್ನರ್ ಎಂಬ ಜರ್ಮನ್ ವಿಜ್ಞಾನಿ ಪ್ಯಾರಿಸ್ ನಗರದಲ್ಲಿಯೂ ನ್ಯೂಯಾರ್ಕ್ ನಗರದಲ್ಲಿಯೂ ಒಂದೇ ತೆರನಾದ ಎರಡು ಮುಚ್ಚಿದ ಕೋಣೆಗಳನ್ನು ಸಿದ್ಧಪಡಿಸಿದರು. ಪ್ಯಾರಿಸಿನ ಕೋಣೆಯಲ್ಲಿ ನೊಣಗಳಿಗೆ ರಾತ್ರಿ ಎಂಟೂಕಾಲರಿಂದ ಹತ್ತೂಕಾಲರವರೆಗೆ ಸಕ್ಕರೆ ನೀರನ್ನು ಕೊಟ್ಟು ಅಭ್ಯಾಸ ಮಾಡಿಸಿದರು. ಬಳಿಕ ಪೆಟ್ಟಿಗೆಯನ್ನು ವಿಮಾನದಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಒಯ್ದು ನ್ಯೂಯಾರ್ಕಿನ ಕೋಣೆಯಲ್ಲಿಟ್ಟರು. ಮರುದಿನ ನೊಣಗಳು ಬಟ್ಟಲಿಗೆ ಬಂದುದು ಪ್ಯಾರಿಸಿನಲ್ಲಿ ಕೊನೆಯ ಸಲ ಉಂಡ ಇಪ್ಪತ್ತನಾಲ್ಕು ಗಂಟೆಗಳ ಬಳಿಕ. ಪ್ಯಾರಿಸಿನಲ್ಲಿ ಆಗ ರಾತ್ರಿಯಾಗಿತ್ತು. ನ್ಯೂಯಾರ್ಕಿನಲ್ಲಿ ಇನ್ನೂ ಮಧ್ಯಾಹ್ನ. ಸಾಗರವನ್ನು ದಾಟಿದರೂ ಆ ಪುಟ್ಟ ಜೀವಿಗಳು ತವರೂರಿನ ಹೊತ್ತನ್ನು ಬಿಟ್ಟುಕೊಟ್ಟಿರಲಿಲ್ಲ. ಮುಂದೆ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮದ ಕ್ಯಾಲಿಫೋರ್ನಿಯಕ್ಕೆ ಒಯ್ದು, ತೆರೆದ ಬಯಲಿನಲ್ಲಿ ಬಿಟ್ಟಾಗ, ದಿನಗಳು ಕಳೆದಂತೆ ನೊಣಗಳು ಹೊಸ ನಾಡಿನ ಸೂರ್ಯನಿಗೆ ತಮ್ಮ ಗಡಿಯಾರವನ್ನು ಹೊಂದಿಸಿಕೊಂಡವು. ಗಡಿಯಾರವನ್ನು ನಡೆಸುವುದು ಒಡಲು. ಅದನ್ನು ತಿದ್ದುವುದು ಬೆಳಕು.

ಆ ಗಡಿಯಾರದ ಯಂತ್ರವಾದರೂ ಎಂಥದು? ಈ ಮರ್ಮ ಬಯಲಾದುದು ಬಾಳೆಹಣ್ಣಿನ ಮೇಲೆ ಹಾರಾಡುವ ಹಣ್ಣುನೊಣದಿಂದ. ೧೯೭೧ರಲ್ಲಿ ಅಮೆರಿಕದ ಕೊನೋಪ್ಕ ಮತ್ತು ಬೆಂಜರ್ ಎಂಬ ವಿಜ್ಞಾನಿಗಳು ಮೂರು ಬಗೆಯ ವಿಚಿತ್ರ ನೊಣಗಳನ್ನು ಕಂಡುಹಿಡಿದರು. ಒಂದರ ‘ದಿನ’ಕ್ಕೆ ೧೯ ಗಂಟೆ, ಇನ್ನೊಂದರದಕ್ಕೆ ೨೮ ಗಂಟೆ, ಮೂರನೆಯದಕ್ಕೆ ಹೊತ್ತುಗೊತ್ತೇ ಇರಲಿಲ್ಲ. ಮೂರಕ್ಕೂ ಕಾರಣ ಒಂದೇ ವಂಶವಾಹಿಯಲ್ಲಿ ಆದ ಬದಲಾವಣೆ. ಈ ವಂಶವಾಹಿಯ ಕಾರ್ಯವನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹಿಂದಿನ ಕಾಲದಲ್ಲಿ ಈ ನಾಡಿನಲ್ಲಿ ಗಳಿಗೆ ಬಟ್ಟಲು ಬಳಕೆಯಲ್ಲಿತ್ತು. ತಳದಲ್ಲಿ ಸಣ್ಣ ತೂತುಳ್ಳ ತಾಮ್ರದ ಬಟ್ಟಲನ್ನು ನೀರು ತುಂಬಿದ ಪಾತ್ರೆಯ ಮೇಲೆ ತೇಲಬಿಡುತ್ತಿದ್ದರು. ನೀರು ಮೆಲ್ಲಮೆಲ್ಲನೆ ಒಳನುಗ್ಗಿ, ತುಂಬಿದೊಡನೆ ಬಟ್ಟಲು ಮುಳುಗುತ್ತಿತ್ತು. ಅಲ್ಲಿಗೆ ಒಂದು ಗಳಿಗೆ. ಬರಿದುಮಾಡಿ ಮತ್ತೆ ತೇಲಬಿಟ್ಟರೆ ಮತ್ತೊಂದು ಗಳಿಗೆ. ಹೀಗೆ ಅರುವತ್ತು ಸಲ ಮುಳುಗಿದರೆ ಒಂದು ದಿನ. ಜೀವಕೋಶದೊಳಗಿನ ಗಡಿಯಾರವೂ ಇಂಥದೇ ಬಟ್ಟಲು. ಆದರೆ ಇದು ದಿನಕ್ಕೆ ಒಂದೇ ಸಲ ತುಂಬುತ್ತದೆ. ವಂಶವಾಹಿಯ ಆಣತಿಯಂತೆ ಕೋಶದಲ್ಲಿ ಒಂದು ಬಗೆಯ ಪ್ರೋಟೀನು ಸಿದ್ಧವಾಗುತ್ತದೆ. ರಾತ್ರಿಯಲ್ಲಿ ಅದು ಸಂಗ್ರಹವಾಗುತ್ತ ಹೋಗಿ, ಸಾಕಷ್ಟು ತುಂಬಿದಾಗ, ತನ್ನನ್ನು ಹುಟ್ಟಿಸಿದ ವಂಶವಾಹಿಯ ಕೆಲಸವನ್ನೇ ತಡೆಯುತ್ತದೆ. ಹಗಲಿನಲ್ಲಿ ಆ ಪ್ರೋಟೀನು ಕರಗಿಹೋಗುತ್ತದೆ, ತಡೆ ಕಳಚುತ್ತದೆ, ಕೆಲಸ ಮತ್ತೆ ಮೊದಲಾಗುತ್ತದೆ. ಈ ಒಂದು ಸುತ್ತಿಗೆ ಸುಮಾರು ಇಪ್ಪತ್ತನಾಲ್ಕು ಗಂಟೆ. ಜೇನಿನಲ್ಲಿಯೂ ಹುಂಜದಲ್ಲಿಯೂ ಮನುಷ್ಯನಲ್ಲಿಯೂ ಬಿಡಿಭಾಗಗಳಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೂ ಯಂತ್ರದ ತತ್ತ್ವ ಒಂದೇ ಆಗಿದೆ.

ಜೇನಿಗೆ ಈ ಗಡಿಯಾರದಿಂದ ಆಗುವ ಪ್ರಯೋಜನವೇನು? ಹೂಗಳ ಕಡೆ ನೋಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಕುಂಬಳದ ಹೂ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಸಂಜೆಮಲ್ಲಿಗೆ ಹೊತ್ತು ಇಳಿದ ಮೇಲೆ ಕಣ್ಣು ತೆರೆಯುತ್ತದೆ. ಒಂದೊಂದು ಹೂವಿಗೂ ಅಂಗಡಿ ತೆರೆಯುವ ಹೊತ್ತು ಒಂದೊಂದು. ಹೂಗಳ ಈ ಕ್ರಮವನ್ನು ಕಂಡು, ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ೧೭೫೧ರಷ್ಟು ಹಿಂದೆಯೇ ಹೂಗಳಿಂದ ಹೊತ್ತು ಹೇಳುವ ‘ಹೂ ಗಡಿಯಾರ’ದ ಕಲ್ಪನೆಯನ್ನು ಮುಂದಿಟ್ಟಿದ್ದರು. ಮೇವು ತರುವ ನೊಣದ ಆಯುಷ್ಯ ಕೆಲವೇ ವಾರಗಳದು. ಮುಚ್ಚಿದ ಅಂಗಡಿಗಳ ಬಾಗಿಲು ತಟ್ಟುತ್ತ ಅಲೆದರೆ ರೆಕ್ಕೆ ಸವೆಯುತ್ತದೆ, ಗೂಡಿನ ಜೇನು ವ್ಯರ್ಥವಾಗುತ್ತದೆ. ಯಾವ ಹೂ ಯಾವ ಹೊತ್ತಿಗೆ ಎಂಬುದನ್ನು ಅರಿತ ನೊಣ ಬೆಳಗ್ಗೆ ಕುಂಬಳದ ಬಳ್ಳಿಗೂ ಮಧ್ಯಾಹ್ನ ಬೇರೊಂದು ಗಿಡಕ್ಕೂ ನೇರವಾಗಿ ಹೋಗಬಲ್ಲುದು. ಹೂಗಳು ಋತುವಿನಿಂದ ಋತುವಿಗೆ ಬದಲಾಗುವುದರಿಂದ ಈ ಪಟ್ಟಿಯು ಹುಟ್ಟಿನಿಂದ ಬರಲಾರದು. ಪ್ರತಿಯೊಂದು ನೊಣವೂ ಕಲಿಯಬೇಕು, ಹಳೆಯದನ್ನು ಮರೆಯಬೇಕು, ಮತ್ತೆ ಹೊಸದನ್ನು ಕಲಿಯಬೇಕು. ಕೆಲವು ದಿನ ಮೇವು ದೊರೆಯದೆ ಹೋದರೆ ನೊಣಗಳು ಆ ಸ್ಥಳವನ್ನು ಕೈಬಿಡುವುದು ಇದೇ ಕಾರಣದಿಂದ.

ದಾರಿ ತಿಳಿಯಲಿಕ್ಕೂ ಜೇನಿಗೆ ಹೊತ್ತಿನ ಅರಿವು ಬೇಕು. ಮೇವಿನ ಸುದ್ದಿ ತಂದ ನೊಣ ಎರಿಯ ಮೇಲೆ ಕುಣಿದು, ಮೇವು ಸೂರ್ಯನಿಂದ ಎಷ್ಟು ಓರೆಯಾದ ದಿಕ್ಕಿನಲ್ಲಿದೆಯೆಂದು ಜೊತೆಯವರಿಗೆ ತಿಳಿಸುತ್ತದೆ. ಈ ಕುಣಿತದ ಅರ್ಥವನ್ನು ಬಿಡಿಸಿದ ಫಾನ್ ಫ್ರಿಷ್ ೧೯೭೩ರಲ್ಲಿ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಸೂರ್ಯನಾದರೋ ಒಂದೆಡೆ ನಿಲ್ಲುವವನಲ್ಲ. ಕತ್ತಲೆಯ ಗೂಡಿನೊಳಗೆ ಬಹುಹೊತ್ತು ಕುಣಿಯುವ ನೊಣ, ಹೊರಗೆ ಇಣುಕಿಯೂ ನೋಡದೆ, ಸೂರ್ಯನು ಸರಿದಷ್ಟು ತನ್ನ ಕುಣಿತದ ಓರೆಯನ್ನೂ ಬದಲಿಸುತ್ತ ಹೋಗುತ್ತದೆ. ಒಳಗಣ ಗಡಿಯಾರವಿಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಹಾಗೆಂದು ಜೇನು ಗಡಿಯಾರದ ಆಳಲ್ಲ. ಗೂಡಿನಲ್ಲಿ ಮರಿಹುಳುಗಳನ್ನು ಸಾಕುವ ಎಳೆಯ ನೊಣಗಳು ಹಗಲಿರುಳೆನ್ನದೆ ದುಡಿಯುತ್ತವೆ. ಹಸುಗೂಸಿನ ತಾಯಿಗೆ ರಾತ್ರಿಯ ನಿದ್ದೆಯ ನೇಮವಿಲ್ಲದಂತೆ. ಬೆಳೆದು ಹೊಲಕ್ಕೆ ಹೋಗತೊಡಗಿದ ಮೇಲೆ ಅವುಗಳಲ್ಲಿ ದಿನದ ಲಯ ಕಾಣಿಸಿಕೊಳ್ಳುತ್ತದೆ. ಗೂಡಿನಲ್ಲಿ ಸಾಕುವವರ ಕೊರತೆಯುಂಟಾಗಿ, ಮೇವು ತರುತ್ತಿದ್ದ ನೊಣ ಮತ್ತೆ ಮರಿಗಳ ಬಳಿಗೆ ಮರಳಿದರೆ ಆ ಲಯವನ್ನು ಬದಿಗಿರಿಸಿ ಅದು ಮತ್ತೆ ಹಗಲಿರುಳೂ ದುಡಿಯುತ್ತದೆ. ಬ್ಲಾಕ್ ಮತ್ತು ರಾಬಿನ್‌ಸನ್ ಎಂಬ ವಿಜ್ಞಾನಿಗಳು ಇದನ್ನು ೨೦೦೧ರಲ್ಲಿ ತೋರಿಸಿಕೊಟ್ಟರು.

ಹೊತ್ತಿನ ಪಾಠವನ್ನು ಕಲಿಯುವುದು ಜೇನು ಮಾತ್ರವಲ್ಲ. ರಷ್ಯದ ಪಾವ್ಲೋವ್ ಅವರ ಪ್ರಯೋಗಶಾಲೆಯಲ್ಲಿ ನಾಯಿಗೆ ಅರ್ಧ ಗಂಟೆಗೊಮ್ಮೆ ಆಹಾರ ಕೊಡಲಾಗುತ್ತಿತ್ತು. ಒಂದು ಸಲ ಆಹಾರವನ್ನು ತಪ್ಪಿಸಿದಾಗಲೂ ಮೂವತ್ತನೆಯ ನಿಮಿಷದ ಸುಮಾರಿಗೆ ನಾಯಿಯ ಬಾಯಲ್ಲಿ ಜೊಲ್ಲು ಸುರಿಯಿತು. ಅದು ದಿನದ ಹೊತ್ತನ್ನಲ್ಲ, ಕಳೆದ ಅವಧಿಯನ್ನು ಅಳೆದಿತ್ತು. ಕಾಗೆಯ ಕುಲಕ್ಕೆ ಸೇರಿದ ಅಮೆರಿಕದ ಜೇ ಎಂಬ ಹಕ್ಕಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ತಿಂಡಿಯನ್ನು ಬಚ್ಚಿಟ್ಟು ಬಳಿಕ ತಿನ್ನುತ್ತದೆ. ನಿಕೋಲಾ ಕ್ಲೇಟನ್ ಮತ್ತು ಆಂಥನಿ ಡಿಕಿನ್‌ಸನ್ ೧೯೯೮ರಲ್ಲಿ ಈ ಹಕ್ಕಿಗಳಿಗೆ ಹುಳುಗಳನ್ನೂ ಶೇಂಗಾ ಬೀಜಗಳನ್ನೂ ಮರಳಿನಲ್ಲಿ ಹೂತಿಡಲು ಕೊಟ್ಟರು. ಹಕ್ಕಿಗೆ ಹುಳುವೇ ಹೆಚ್ಚು ಇಷ್ಟ. ನಾಲ್ಕು ಗಂಟೆಯ ಬಳಿಕ ಬಿಟ್ಟಾಗ ಅದು ಹುಳುವಿಟ್ಟ ಕಡೆಯನ್ನು ಕೆದಕಿತು. ೧೨೪ ಗಂಟೆಯ ಬಳಿಕ ಬಿಟ್ಟಾಗ ಹುಳುವನ್ನು ಬಿಟ್ಟು ಶೇಂಗಾ ಇಟ್ಟ ಕಡೆಗೆ ಹೋಯಿತು. ಅಷ್ಟು ಹೊತ್ತಿಗೆ ಹುಳು ಕೊಳೆತಿರುತ್ತದೆಂಬುದನ್ನು ಅದು ಹಿಂದೆಯೇ ಕಲಿತಿತ್ತು. ಹುಳು ಕೊಳೆಯುವುದನ್ನು ಎಂದೂ ಕಾಣದ ಹಕ್ಕಿಗಳು ಎಷ್ಟು ದಿನ ಕಳೆದಿದ್ದರೂ ಹುಳುವನ್ನೇ ಅರಸಿದವು. ಇಲ್ಲಿಯೂ ಅದೇ ತತ್ತ್ವ: ಕಾಲದ ಅಳತೆ ಒಡಲಿನದು, ಕಾಲದ ಪಾಠ ಅನುಭವದ್ದು. ಆದರೆ ಆ ಹಕ್ಕಿ ಮನುಷ್ಯನಂತೆ ಕುಳಿತು ನಿನ್ನೆ ಮೊನ್ನೆಗಳನ್ನು ಮೆಲುಕು ಹಾಕುತ್ತದೆಯೆಂದು ಅವಸರದಿಂದ ಹೇಳಬಾರದು. ಪ್ರಯೋಗವು ತೋರಿಸುವುದು ಅದರ ನಡೆಯನ್ನು, ಅದರ ಮನಸ್ಸನ್ನಲ್ಲ.

ಕೆಲವು ಜೀವಿಗಳಿಗೆ ಜೊತೆಯವರೇ ಹೊತ್ತಿನ ಗುರುಗಳು. ಮದುರೆಯ ಬಳಿಯ ಗುಹೆಯೊಂದರಲ್ಲಿ ಎಂ. ಕೆ. ಚಂದ್ರಶೇಖರನ್ ಮತ್ತು ಅವರ ಸಂಗಡಿಗರು ಬಾವಲಿಗಳನ್ನು ಅಭ್ಯಾಸ ಮಾಡಿದರು. ಗುಹೆಯ ಆಳದಲ್ಲಿ ಹಗಲೂ ಕತ್ತಲೆ, ರಾತ್ರಿಯೂ ಕತ್ತಲೆ. ಅಲ್ಲಿ ಪಂಜರದಲ್ಲಿಟ್ಟ ಬಾವಲಿ, ಸುತ್ತಲಿನ ಸ್ವತಂತ್ರ ಬಾವಲಿಗಳು ಸಂಜೆ ಹೊರಟು ಬೆಳಗಿನ ಜಾವ ಮರಳುತ್ತಿದ್ದಾಗ, ತಾನೂ ಅದೇ ಲಯವನ್ನು ಅನುಸರಿಸಿತು. ಜೊತೆಗಾರರಿಲ್ಲದ ಗುಹೆಯಲ್ಲಿ ಒಂಟಿಯಾಗಿ ಇಟ್ಟಾಗ ಅದರ ಗಡಿಯಾರ ನಿಲ್ಲಲಿಲ್ಲ. ಆದರೆ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೊರಗಿನ ಹೊತ್ತಿನಿಂದ ದೂರ ಸರಿಯಿತು. ೧೯೮೧ರಲ್ಲಿ ಪ್ರಕಟವಾದ ಈ ಸಂಶೋಧನೆ ಲೋಕದ ವಿದ್ವಾಂಸರ ಗಮನವನ್ನು ಸೆಳೆಯಿತು. ಮುಂದೆ ಚಂದ್ರಶೇಖರನ್ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದು, ಜೀವಿಗಳ ಕಾಲಜ್ಞಾನದ ಅಧ್ಯಯನವನ್ನು ಅಲ್ಲಿ ಬೆಳೆಸಿದರು.

ಇಷ್ಟೆಲ್ಲ ತಿಳಿದ ಮೇಲೆ ಮನುಷ್ಯನ ಪಾಲಿಗೆ ಬರುವ ಹೊಣೆಯೊಂದುಂಟು. ಗಡಿಯಾರವನ್ನು ತಿದ್ದುವುದು ಬೆಳಕೆಂದ ಮೇಲೆ, ಇರುಳನ್ನು ಹಗಲು ಮಾಡುವ ದೀಪಗಳು ಇತರ ಜೀವಿಗಳ ಗಡಿಯಾರವನ್ನು ಕೆಡಿಸಲಾರವೆ? ಬೀದಿದೀಪಗಳ ಬಳಿ ಗೂಡು ಕಟ್ಟಿದ ಹಕ್ಕಿಗಳು ಬೆಳಗಿಗೆ ಬಹಳ ಮುನ್ನವೇ ಹಾಡತೊಡಗುವುದನ್ನು ಯುರೋಪಿನಲ್ಲಿ ಸಂಶೋಧಕರು ಕಂಡಿದ್ದಾರೆ. ಹೊಲದ ಮಾತು ಇನ್ನೂ ಹತ್ತಿರದ್ದು. ಸೂರ್ಯಕಾಂತಿ, ಸೌತೆ, ಕುಂಬಳ ಮೊದಲಾದ ಬೆಳೆಗಳು ಕಾಯಿ ಕಟ್ಟುವುದಕ್ಕೆ ಜೇನುನೊಣಗಳ ನೆರವು ಬೇಕು. ಹೂ ಅರಳಿ ನಿಂತ ಹೊತ್ತಿನಲ್ಲಿ ಹೊಲಕ್ಕೆ ಕೀಟನಾಶಕವನ್ನು ಸಿಂಪಡಿಸಿದರೆ ಏನಾಗುತ್ತದೆ? ನಿನ್ನೆ ಇದೇ ಹೊತ್ತಿಗೆ ಇಲ್ಲಿ ಮಕರಂದವಿತ್ತು ಎಂಬ ನೆನಪು ನೊಣವನ್ನು ತಪ್ಪದೆ ಅಲ್ಲಿಗೆ ಕರೆತರುತ್ತದೆ. ಅದನ್ನು ಬದುಕಿಸುತ್ತಿದ್ದ ಅರಿವೇ ಅದರ ಸಾವಿಗೆ ದಾರಿಯಾಗುತ್ತದೆ. ಆದುದರಿಂದಲೇ ಹೂ ಬಿಟ್ಟ ಬೆಳೆಗೆ ಔಷಧ ಹೊಡೆಯುವುದನ್ನು ಸಾಧ್ಯವಾದಷ್ಟೂ ತಪ್ಪಿಸಬೇಕೆಂದೂ, ಅನಿವಾರ್ಯವಾದರೆ ನೊಣಗಳು ಗೂಡಿಗೆ ಮರಳಿದ ಸಂಜೆಯ ಬಳಿಕ ಹೊಡೆಯಬೇಕೆಂದೂ ಬಲ್ಲವರು ರೈತರಿಗೆ ಹೇಳುತ್ತಾರೆ.

ಕಥೆಯ ಮುದುಕಿ ತನ್ನ ಹುಂಜದಿಂದಲೇ ಲೋಕಕ್ಕೆ ಬೆಳಗಾಗುತ್ತದೆಂದು ತಿಳಿದಿದ್ದಳು. ಗೋಡೆಯ ಮೇಲೆ ಗಡಿಯಾರವನ್ನು ತೂಗುಹಾಕಿದ ಮನುಷ್ಯನೂ ಕಾಲವನ್ನು ಅರಿತವನು ತಾನೊಬ್ಬನೇ ಎಂದು ಬಹುಕಾಲ ತಿಳಿದಿದ್ದನು. ಅವನ ಗಡಿಯಾರಕ್ಕೆ ಕೆಲವು ನೂರು ವರ್ಷಗಳ ಪ್ರಾಯ. ಜೀವಿಗಳ ಒಡಲಿನ ಗಡಿಯಾರ ಅದಕ್ಕಿಂತ ಅದೆಷ್ಟೋ ಪುರಾತನವಾದುದು. ಜಗಲಿಯ ಮೇಲಿನ ಉಪಾಹಾರದ ಹೊತ್ತನ್ನು ಜೇನುನೊಣ ಕೆಲವೇ ದಿನಗಳಲ್ಲಿ ಕಲಿತುಕೊಂಡಿತು. ಜೇನಿನ ಹೊತ್ತನ್ನು ಕಲಿತು ಅದರಂತೆ ನಡೆಯುವುದು ಇನ್ನು ಮನುಷ್ಯನ ಸರದಿ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಫೋರೆಲ್ ಅವರ ಮನೆಯ ಜಗಲಿಗೆ ಜೇನುನೊಣಗಳು ಯಾವ ಹೊತ್ತಿಗೆ ಬರುತ್ತಿದ್ದವು?
೨. ಆಸ್ಕರ್ ವಾಲ್ ಜೇನುಪೆಟ್ಟಿಗೆಯನ್ನು ಗಣಿಯ ಆಳಕ್ಕೆ ಇಳಿಸಿದುದೇಕೆ?
೩. ಒಂದು ದಿನಕ್ಕೆ ಎಷ್ಟು ಗಳಿಗೆಗಳು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಹತ್ತೊಂಬತ್ತು ಗಂಟೆಯ ಪ್ರಯೋಗದ ಸೋಲಿನಿಂದ ತಿಳಿದುಬಂದುದೇನು?
೨. ಜೀವಕೋಶದೊಳಗಿನ ಗಡಿಯಾರವನ್ನು ಗಳಿಗೆ ಬಟ್ಟಲಿಗೆ ಹೋಲಿಸಿರುವುದು ಹೇಗೆ ಒಪ್ಪುತ್ತದೆ?
೩. ಪ್ಯಾರಿಸಿನಿಂದ ನ್ಯೂಯಾರ್ಕಿಗೆ ನೊಣಗಳನ್ನು ಒಯ್ದ ಪ್ರಯೋಗವನ್ನು ವಿವರಿಸಿರಿ.

ಇ) ಸಂದರ್ಭದೊಡನೆ ವಿವರಿಸಿರಿ.
೧. “ಗಡಿಯಾರ ಹುಟ್ಟಿನಿಂದ ಬಂದುದು, ವೇಳಾಪಟ್ಟಿ ಮಾತ್ರ ಕಲಿತುದು.”
೨. “ಅದನ್ನು ಬದುಕಿಸುತ್ತಿದ್ದ ಅರಿವೇ ಅದರ ಸಾವಿಗೆ ದಾರಿಯಾಗುತ್ತದೆ.”

ಈ) ನಿಮ್ಮ ಮನೆಯ ಅಥವಾ ಶಾಲೆಯ ಸುತ್ತಲಿನ ಹೂಗಳು ಯಾವ ಯಾವ ಹೊತ್ತಿಗೆ ಅರ‍ಳುತ್ತವೆ, ಯಾವ ಹೊತ್ತಿಗೆ ಜೇನುನೊಣಗಳು ಅಲ್ಲಿಗೆ ಬರುತ್ತವೆ ಎಂಬುದನ್ನು ಒಂದು ವಾರ ಗಮನಿಸಿ ಬರೆಯಿರಿ.